ಎಡಗೈ ಲೆಕ್ಕಕ್ಕಿಲ್ಲ

ಇವತ್ತು ಮುಂಜಾನೆ ಹಾಲು ಕಾಸಿ, ಅತ್ತೆಗೆ ಬಿಸಿನೀರು ಕೊಟ್ಟು, ಸ್ವೆಟರ್ ಹುಡುಕಲು ಟ್ರಂಕು ತೆಗೆದೆ. ನಮ್ಮ ರಾಯಚೂರಿಗೆ ಚಳಿಯೆಂದರೆ ಅಪರೂಪದ ಬೀಗರಿದ್ದಂತೆ ನೋಡಿ. ಬಂದಾಗ ಹಾಸಲಿಕ್ಕೆ, ಹೊದಿಸಲಿಕ್ಕೆ ಒಂದೂ ಕೈಗೆ ಸಿಗುವುದಿಲ್ಲ. ಸ್ವೆಟರೂ ಸಿಗಲಿಲ್ಲ. ಡಾಂಬರು ಗುಳಿಗೆಯ ವಾಸನೆಯ ನಡುವೆ ಸಿಕ್ಕಿದ್ದು ಒಂದು ಬಟ್ಟೆಯ ಗಂಟು. ಅದರೊಳಗೆ ನಾಲ್ಕು ಕವಡೆ.

ಮದುವೆಯಾದ ಹೊಸದರಲ್ಲಿ, ದೇವದುರ್ಗದ ಮನೆಯಲ್ಲಿ, ಅತ್ತೆ ನನಗೆ ಚೌಕಾಬಾರ ಕಲಿಸಿದ್ದು ಇವುಗಳಿಂದಲೇ. ಕವಡೆಯಾಟ ಜೂಜು ಎಂದು ಕಾನ್ವೆಂಟಿನಲ್ಲಿ ಸಿಸ್ಟರ್ ಹೇಳಿದ್ದರು. ಹಾಗಾಗಿ ಮೊದಲ ದಿನ ಮನಸ್ಸಿನಲ್ಲೇ ದೇವರ ಕ್ಷಮೆ ಕೇಳಿ ಕೂತೆ. ಮರುದಿನ ದೇವರ ನೆನಪೇ ಆಗಲಿಲ್ಲ. ಮನೆ ಎಣಿಸುವಾಗ "ಒನ್, ಟೂ" ಎಂದರೆ ಅತ್ತೆ ನಗುತ್ತಿದ್ದರು. "ಇಂಗ್ಲಿಷಿನ್ಯಾಗ ಎಣಿಸಿದ್ರ ಒಂದು ಮನಿ ಹೆಚ್ಚಿಗಿ ಸಿಗತದೇನ್ ಬೇ?" ಕಾಯಿ ಕಡಿದಾಗಿನ ಅವರ ಕೂಗಂತೂ ಓಣಿಯ ತುದಿಯವರೆಗೆ ಕೇಳುತ್ತಿತ್ತು.

ದೀಪಾವಳಿಗೆ ಮುಂಚೆ ಬಚ್ಚಲಲ್ಲಿ ಜಾರಿ ಅವರ ಬಲಗೈ ಮುರಿಯಿತು. ಈಗ ಪಟ್ಟಿ ಬಿಚ್ಚಿದ್ದಾರೆ. ಬೆರಳು ಆಡಿಸದಿದ್ದರೆ ಕೈ ಹಾಗೇ ಬಿಗಿದುಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದರೂ, ಹಿಸುಕಲು ಕೊಟ್ಟ ರಬ್ಬರ್ ಚೆಂಡನ್ನು ಅವರು ಮುಟ್ಟಿಲ್ಲ. ಗೋಡೆಗೆ ಮುಖ ಮಾಡಿ ಮಲಗಿ, ಮಾತನ್ನೂ ಬಿಟ್ಟಿದ್ದರು.

ಇವತ್ತು ಬಿಡಬಾರದು ಎಂದುಕೊಂಡೆ. ಹಳೆಯ ಕೇರಂ ಬೋರ್ಡಿನ ಹಿಂಬದಿಗೆ ಸೀಮೆಸುಣ್ಣದಿಂದ ಮನೆ ಬರೆದು ಅವರ ಮಂಚದ ಮೇಲೆಯೇ ಇಟ್ಟೆ. ಪಕ್ಕದಲ್ಲಿ ನೆನೆಸಿದ ಮಂಡಕ್ಕಿಯ ಬಿಸಿ ಮಂಡಾಳ ಒಗ್ಗರಣೆ, ಮಿರ್ಚಿ. ಎರಡೂ ಕಡೆಯ ಕಾಯಿ ನಾನೇ ನಡೆಸಿದೆ, ಬೇಕೆಂದೇ ತಪ್ಪಾಗಿ. ಸ್ವಲ್ಪ ಹೊತ್ತಿಗೆ ಗೋಡೆಯ ಕಡೆಯಿಂದ ದನಿ ಬಂತು.

"ಆ ಕಾಯಿ ಅಲ್ಲ. ಹಿಂದಿಂದು ನಡಸು."

ಎದ್ದು ಕೂತು, ಎಡಗೈಯಿಂದ ಕವಡೆ ಹಾಕಿದರು.

"ಎಡಗೈ ಲೆಕ್ಕಕ್ಕಿಲ್ರಿ ಅತ್ತಿ."

"ಯಾರ ಕಾಯ್ದೆ ಇದು?"

"ನೀವ ಮಾಡಿದ್ದು. ದೇವದುರ್ಗದಾಗ."

ದಿಟ್ಟಿಸಿ ನೋಡಿದರು. ಆಮೇಲೆ ಬಲಗೈ ಚಾಚಿದರು. ಬೆರಳು ಮಡಚಲಿಲ್ಲ, ಕವಡೆ ಒಂದೊಂದಾಗಿ ಜಾರಿ ಬಿದ್ದವು. ನಾನು ಬಿದ್ದಲ್ಲೇ ಎಣಿಸಿದೆ. "ಬಿದ್ದದ್ದು ಮೂರು. ನಡಸ್ರಿ," ಎಂದೆ.

"ಜಾರಿದ್ದು ಹೆಂಗ ಲೆಕ್ಕ ಆಗತದ? ಮತ್ತ ಹಾಕ್ತೀನಿ."

ಊಟ ಮುಗಿಸಿ ಮತ್ತೆ ಕೂತೆವು. ಅತ್ತೆ ಹಲ್ಲು ಕಚ್ಚಿ ಹಾಕಿದ್ದೇ ಹಾಕಿದ್ದು. ಇಳಿಹೊತ್ತಿಗೆ ಕವಡೆ ಅರ್ಧ ಮುಷ್ಟಿಯಲ್ಲಿ ನಿಂತವು. ನಡುಮನೆ ಸೇರಿ ಹಣ್ಣಾಗಲು ಒಂದೇ ಮನೆ ಇದ್ದ ನನ್ನ ಕಾಯಿಯನ್ನು ಕಡಿದೇಬಿಟ್ಟರು. ನಾನು ಮೋಸ ಎಂದೆ, ಅವರು ನನ್ನ ಕಾನ್ವೆಂಟನ್ನೇ ಎತ್ತಿ ಆಡಿದರು.

ಸಂಜೆ ಪಕ್ಕದ ಮನೆಯಾಕೆ ಮೊಸರಿಗೆ ಹೆಪ್ಪು ಕೇಳಲು ಬಂದಳು. ಬಟ್ಟಲು ಹಿಡಿದು ಹೊರಟವಳು ಬಾಗಿಲಲ್ಲಿ ನಿಂತು ಅಂದಳು:

"ಇಂಥ ಥಂಡ್ಯಾಗ ಅತ್ತಿ-ಸೊಸಿ ಏನ್ ಜಗಳಾ ಹಚ್ಚೀರಿ ಅಕ್ಕಾರ. ಮುದುಕಿ ದನಿ ಓಣಿ ತುದೀತನಾ ಕೇಳಾಕತ್ತಿತ್ತು."