ಸೂರ್ಯಕಾಂತಿಯಾಗಿ ಬದಲಾದ ಹತ್ತಿಯ ಹೂವು

ಅಕ್ಕನ ಮಗಳಿಗೆ ಬರೆಯುವ ಹುಚ್ಚು ಹಿಡಿಸಿದವಳು ನಾನೇ. ಕೊಪ್ಪಳದ ಕಾಲೇಜಿನಲ್ಲಿ ಪಾಠ ಹೇಳಿ ಮುಗಿಸಿ, ಕುಷ್ಟಗಿ ದಾಟಿದ ಮೇಲೆ ಸಿಗುವ ಅವರ ಊರಿಗೆ ಹೋದಾಗಲೆಲ್ಲ, ಕಂಡದ್ದನ್ನು ಬರೆ, ಅದಕ್ಕೆ ನಿನ್ನದೊಂದು ಬಣ್ಣ ಸೇರಿಸು ಎನ್ನುತ್ತಿದ್ದೆ. ಆರನೆಯ ತರಗತಿಯ ಆ ಹುಡುಗಿ ನನ್ನ ಮಾತನ್ನು ನನಗಿಂತ ಗಂಭೀರವಾಗಿ ತೆಗೆದುಕೊಂಡಳು.

ಶಾಲೆಯ ಮಕ್ಕಳ ದಿನಾಚರಣೆಗೆಂದು ಅವಳು ಬರೆದದ್ದು ತನ್ನದೇ ಬೆಂಚಿನ ಗೆಳತಿಯ ಕಥೆ. ಹತ್ತಿ ಬೀಜ ಬೆಳೆಯುವ ಹೊಲಗಳಲ್ಲಿ ಹೂವಿನ ಹಂಗಾಮು ಶುರುವಾದಂದಿನಿಂದ ಆ ಗೆಳತಿ ಶಾಲೆಗೆ ಬಂದಿರಲಿಲ್ಲ. ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ಸವರುವ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಅದಕ್ಕೆ ಸಣ್ಣ ಬೆರಳಿನ ಹುಡುಗಿಯರೇ ಬೇಕೆಂಬುದು ಹೊಲದವರ ವಾದ. ಕಥೆಯಲ್ಲಿ ಹತ್ತಿಯ ಹೂವು ಅವಳನ್ನು ಕೇಳುತ್ತದೆ:

"ನಿನ್ನ ಬೆರಳಿಗೆ ಅರಶಿಣ ಹತ್ತೈತಿ. ಮದುವಿ ಯಾವಾಗ ಆತು?"

"ಇದು ನಿನ್ನ ಪುಡಿ. ಮದುವಿ ನಿಂದು, ದುಡಿಯಾಕಿ ನಾನು."

ವಿಶ್ವವಿದ್ಯಾಲಯದಲ್ಲಿ ರೂಪಕದ ಕುರಿತು ಉಪನ್ಯಾಸಗಳನ್ನು ಕೇಳಿ ಬಂದಿದ್ದ ನಾನು ಆ ಸಾಲನ್ನು ಮತ್ತೆ ಮತ್ತೆ ಓದಿದೆ. ಒಂದಕ್ಷರವನ್ನೂ ಬದಲಿಸಬೇಡ, ಇದನ್ನೇ ಓದು ಎಂದೆ.

ಸಮಾರಂಭದ ದಿನ ಅಕ್ಕನೊಂದಿಗೆ ಹಿಂದಿನ ಸಾಲಿನಲ್ಲಿದ್ದೆ. ವೇದಿಕೆಯ ನಡುವಿನ ಕುರ್ಚಿಯಲ್ಲಿ ಶಾಲಾ ಸಮಿತಿಯ ಅಧ್ಯಕ್ಷರು; ಗೆಳತಿ ದುಡಿಯುತ್ತಿದ್ದ ಹೊಲ ಅವರದೇ. ಹುಡುಗಿ ಸ್ಪಷ್ಟವಾಗಿ, ಎಲ್ಲಿಯೂ ತಡವರಿಸದೆ ಓದಿದಳು. ಆದರೆ ಅವಳು ಓದಿದ ಕಥೆಯಲ್ಲಿ ಗೆಳತಿ ರಜೆಗೆ ಅಜ್ಜಿಯ ಊರಿಗೆ ಹೋಗಿ, ಸೂರ್ಯಕಾಂತಿ ಹೂಗಳ ನಡುವೆ ಆಡಿ, ಬೆರಳು ಹಳದಿ ಮಾಡಿಕೊಂಡು ನಗುತ್ತ ಬಂದಳು. ಈ ಕಥೆಯ ನೀತಿ, ಪ್ರಕೃತಿಯನ್ನು ಪ್ರೀತಿಸಬೇಕು. ಚಪ್ಪಾಳೆಯ ನಡುವೆ ಅಧ್ಯಕ್ಷರು ಅವಳ ಕೈಗೆ ಕಂಪಾಸ್ ಬಾಕ್ಸ್ ಕೊಟ್ಟರು. ನನ್ನ ಕೈಗಳು ಮಡಿಲಿನಿಂದ ಏಳಲಿಲ್ಲ. ಇಷ್ಟು ಛಲೋ ಓದಿದವಳಿಗೆ ಚಪ್ಪಾಳೆಯನ್ನೂ ತಟ್ಟದೆ ಕುಳಿತದ್ದಕ್ಕೆ ಅಕ್ಕ ನನ್ನನ್ನೇ ಗದರಿದಳು.

ಕಥೆಯನ್ನು ತಿದ್ದಿದವರು ಯಾರೆಂದು ಮುಖ್ಯೋಪಾಧ್ಯಾಯರನ್ನು ಕೇಳಿದೆ. ಅವರು ಚಹಾದ ಕಪ್ಪನ್ನು ನನ್ನತ್ತ ಸರಿಸಿದರು.

"ನೋಡ್ರಿ ಮೇಡಂ, ಕಥಿ ಅಂದ್ರ ಕಲ್ಪನಾ. ನಾವೂ ಒಂಚೂರು ಕಲ್ಪನಾ ಮಾಡೀವಿ."

ಮನೆಗೆ ಮರಳುವಾಗ ಹುಡುಗಿಯನ್ನು ಕೇಳಿದೆ, ಅಂಜಿದೆಯಾ ಎಂದು.

"ಅಂಜಿಲ್ಲ ಚಿಗವ್ವ. ಹಿಂಗ ಓದಿದ್ರ ಸೋಮವಾರದಿಂದ ಆಕಿ ಸಾಲಿಗೆ ಬರೂಹಂಗ ಮಾಡ್ತೀನಿ ಅಂದ್ರು ಸರ್. ಕಥಿ ಮತ್ತ ಬರೀಬೌದು."

ನಡುದಾರಿಯಲ್ಲಿ ನಿಂತುಬಿಟ್ಟೆ. ಗೆಳತಿಯನ್ನು ಬಿಡಿಸಿಕೊಳ್ಳಲು ಒಂದು ಮಗು ತನ್ನ ಕಥೆಯನ್ನು ಒತ್ತೆಯಿಟ್ಟಿತ್ತು. ಕೇಳುವ ಮೊದಲೇ ಮಾಡಬೇಕಿದ್ದ ಕರ್ತವ್ಯಕ್ಕೆ ದೊಡ್ಡವರು ಅವಳಿಂದ ಬೆಲೆ ವಸೂಲಿ ಮಾಡಿದ್ದರು.

ಕಾಲೇಜಿಗೆ ರಜೆ ಹಾಕಿ ಸೋಮವಾರ ನಾನೂ ಶಾಲೆಗೆ ಹೋದೆ. ಹುಡುಗಿ ಬೆಂಚಿನ ಅರ್ಧ ಭಾಗವನ್ನು ಲಂಗದ ಅಂಚಿನಿಂದ ಒರೆಸಿ ಕಾದಳು. ಪ್ರಾರ್ಥನೆ ಮುಗಿಯಿತು, ಹಾಜರಿ ಮುಗಿಯಿತು. ಗೆಳತಿ ಬರಲಿಲ್ಲ. ಕೊಟ್ಟ ಮಾತು ಏನಾಯಿತೆಂದು ಮುಖ್ಯೋಪಾಧ್ಯಾಯರ ಎದುರು ನಿಂತೆ.

"ಹೂವು ಇನ್ನ ನಾಕ್ ದಿನ ಇರ್ತಾವ್ರಿ. ಆಮ್ಯಾಲ ತಾನ ಬರ್ತಾಳ."

ಹಂಗಾಮು ಮುಗಿಯುವುದನ್ನೇ ಅವರು ಮಗುವಿಗೆ ಉಡುಗೊರೆಯೆಂದು ಮಾರಿದ್ದರು! ಈಗಲೇ ಹೊಲಕ್ಕೆ ಹೋಗೋಣ, ಕೊಟ್ಟ ಮಾತನ್ನು ಅಲ್ಲಿ ನಡೆಸಿಕೊಡಿ, ಇಲ್ಲವಾದರೆ ಮೇಲಿನವರ ಮುಂದೆ ಉತ್ತರ ಕೊಡಿ ಎಂದೆ. ಬಾಗಿಲಲ್ಲಿದ್ದ ಹುಡುಗಿ ಆಗಲೇ ಚಪ್ಪಲಿ ಮೆಟ್ಟಿದ್ದಳು.

"ನಾನೂ ಬರ್ತೀನಿ. ಕಂಡದ್ದು ಬರೀಬೇಕಲ್ಲ."

ಹೊಲ ಶಾಲೆಯ ಹಿಂದೆಯೇ ಇತ್ತು. ಬದುವಿನ ಮೇಲೆ ನಿಂತು ಅವಳು ಗೆಳತಿಯ ಹೆಸರು ಹಿಡಿದು ಕೂಗಿದಳು. ಹತ್ತಿಯ ಸಾಲುಗಳ ನಡುವಿನಿಂದ ಒಂದು ತಲೆ ಮೇಲೆದ್ದಿತು. ಅದರ ಹಿಂದೆ ಇನ್ನೊಂದು. ಆಮೇಲೆ ಹೊಲದ ಉದ್ದಕ್ಕೂ ಪುಟ್ಟ ಪುಟ್ಟ ತಲೆಗಳು. ತರಗತಿಯಲ್ಲಿ ನಾನು ಒಂದೇ ಖಾಲಿ ಜಾಗವನ್ನು ನೋಡುತ್ತ ಕುಳಿತಿದ್ದೆ.

ನಮ್ಮ ಹಿಂದೆ ಏದುಸಿರು ಬಿಡುತ್ತ ಬಂದ ಮುಖ್ಯೋಪಾಧ್ಯಾಯರು, ಹೊರಗೆ ಬರ್ರಿ ಎಂದು ಒಬ್ಬೊಬ್ಬರನ್ನೇ ಕರೆಯತೊಡಗಿದರು. ಅವರಿಗೆ ಎಲ್ಲರ ಹೆಸರೂ ಗೊತ್ತಿತ್ತು.