ಕಾರವಾರದ ನೀರಲ್ಲಿ ನಿಂತವರು

ಸಹಕಾರನಗರದ ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದವರು ವಿಜಯಪುರದ ಕಡೆಯವರು, ಕಾಲೇಜೊಂದರಲ್ಲಿ ಗುಮಾಸ್ತರು. ಮಕ್ಕಳಿರಲಿಲ್ಲ. ದಸರಾ, ಕ್ರಿಸ್‌ಮಸ್, ಬೇಸಿಗೆ, ಯಾವ ರಜೆ ಬಂದರೂ ಬೀದಿಯ ಸಂಸಾರಗಳನ್ನೆಲ್ಲ ಯಶವಂತಪುರದಲ್ಲಿ ರೈಲು ಹತ್ತಿಸಿ ಕಾರವಾರಕ್ಕೆ ಕರೆದೊಯ್ಯುತ್ತಿದ್ದರು. ಅಲ್ಲಿ ಸುಡುಬಿಸಿಲಲ್ಲಿ ಪ್ಯಾಂಟು ಮಡಚಿ, ಮೊಣಕಾಲುದ್ದ ನೀರಲ್ಲಿ ನಿಂತು, "ನಾ ಅದೀನಿ, ಬರ್ರಿ" ಎಂದು ಮಕ್ಕಳ ಕೈ ಹಿಡಿಯುತ್ತಿದ್ದರಂತೆ.

ನನಗೆ ಅನುಮಾನ. ಬೇರೆಯವರ ಮಕ್ಕಳ ಮೇಲೆ ಇವರಿಗೇಕೆ ಇಷ್ಟು ಅಕ್ಕರೆ? ಅವರ ಜೊತೆ ಹೋಗಿಬಂದಿದ್ದ ನನ್ನ ಮೊಮ್ಮಗಳನ್ನು ಗುಟ್ಟಾಗಿ ವಿಚಾರಿಸಿದೆ. "ಕಪ್ಪೆಚಿಪ್ಪು ಹುಡ್ಕೊಟ್ರು, ತಾತ" ಎಂದಳು, ಅಷ್ಟೇ. ಆದರೂ ಬೀದಿಯವರಿಗೆಲ್ಲ ಹೇಳಿದೆ: "ಹುಷಾರು ಕಣ್ರೀ, ಆ ಮನುಷ್ಯ ಯಾಕೋ ಸರಿ ಇಲ್ಲ." ಮಾತು ಅವರ ಕಿವಿಗೂ ಬಿತ್ತು.

ಮುಂದಿನ ಬೇಸಿಗೆಯಲ್ಲಿ ಕಾವಲಿಗೆಂದು ನಾನೂ ಹೋದೆ. ಅವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮಕ್ಕಳಿಂದ ನಾಲ್ಕು ಹೆಜ್ಜೆ ಆಚೆ ನಿಂತಿದ್ದರು. ಅಲೆಯೊಂದು ಮೊಮ್ಮಗಳನ್ನು ಕೆಡವಿತು. ಅವರು ಓಡಿಬಂದು ಬಗ್ಗಿದರು. ಚಾಚಿದ ಕೈಯನ್ನು ಅಲ್ಲೇ ತಡೆದು, ದಡದಲ್ಲಿದ್ದ ನನ್ನತ್ತ ತಿರುಗಿದರು.

"ಎತ್ತಲೇನ್ರೀ?"

ನಾನು "ಎತ್ರೀ" ಎಂದ ಮೇಲೆಯೇ ಅವರು ಅವಳನ್ನು ಮುಟ್ಟಿದ್ದು. ಅಷ್ಟರಲ್ಲಿ ಮಗು ಬೇಕಾದಷ್ಟು ಉಪ್ಪುನೀರು ಕುಡಿದಿತ್ತು.