ಹವಾಲ್ದಾರನಿಗೆ ಕೊಟ್ಟ ಮೊದಲ ಪತ್ರ

ಸಿದ್ದಪ್ಪಾ, ನಿನ್ನ ಮೇಲೆ ಪೊಲೀಸರಿಗೆ ಹೇಳಿದವನು ಡೆನಿಸ್ ಅಲ್ಲ — ನಾನು, ನಿನ್ನ ಅಕ್ಕ.

ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಯಿಂದ ನೀನು ಬರೆದ ಪತ್ರಗಳನ್ನು ಅವ್ವನಿಗೆ ಓದಿ ಹೇಳುತ್ತಿದ್ದವಳು ನಾನೇ. ಕಲಿತದ್ದು ಮೂರನೆಯ ಇಯತ್ತೆ. ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದೆ. ಜೊತೆಗೆ ದುಡಿಯುವ ಐರಿಶ್ ಜನ ತಮ್ಮ ನಾಡಿನ ಬಿಡುಗಡೆಗಾಗಿ ಭಾನುವಾರ ಸಭೆ ಸೇರುತ್ತಾರೆ, ಅವರಲ್ಲೊಬ್ಬ ಗೆಳೆಯ ಡೆನಿಸನ ಸಂಗಡ ನೀನೂ ಕರಪತ್ರ ಹಂಚುತ್ತೀ ಎಂದು ಒಂದು ಪತ್ರದಲ್ಲಿ ನೀನು ಬರೆದಿದ್ದೆ. ಅಲ್ಲಿ ಬಾಂಬು ಸಿಡಿದ ಮೇಲೆ ಇನ್ನೊಂದು ಬಂತು: "ಅಕ್ಕಾ, ನಾ ಹೋಗೂದು ಬಿಟ್ಟೇನಿ. ಡೆನಿಸನೂ ಬಾಂಬಿನವರ ಪೈಕಿ ಅಲ್ಲ. ಆದ್ರೂ ಯಾರ ಮುಂದೂ ಬಾಯಿ ಬಿಡಬ್ಯಾಡ."

ಅವಧಿ ಮುಗಿದು ನೀನು ಕೇಳಿದ್ದ ಹೊಸ ಪಾಸ್‌ಪೋರ್ಟಿನ ವಿಚಾರಣೆಗೆ ಮುದ್ದೇಬಿಹಾಳದ ನಮ್ಮ ಮನೆಗೆ ಹವಾಲ್ದಾರ ಬಂದ. ಕಟ್ಟೆಯ ಮೇಲೆ ಕೂತು ಚಹಾ ಕುಡಿದ.

"ಅಕ್ಕಾರ, ತಮ್ಮ ಅಲ್ಲಿ ಏನ್ ಮಾಡ್ತಾನ್ರಿ?"

"ಚಳವಳಿ ಮಾಡ್ತಾನ್ರಿ. ಐರಿಶ್ ಮಂದಿ ಕೂಡ."

"ನಿಮ್ಮಪ್ಪಾರು ಬ್ರಿಟಿಷರ್ನ ಇಲ್ಲಿಂದ ಓಡಿಸಿದ್ದು ಸಾಲಲಿಲ್ಲೇನ್ರಿ? ಮಗ ಅವರ ಮನಿಗೇ ಹೋಗಿ ಕಾಡಾಕತ್ತಾನಲ್ಲ!" ಎಂದು ನಕ್ಕ.

ಚಳವಳಿ ನಮ್ಮ ಮನೆಯಲ್ಲಿ ಮರ್ಯಾದೆಯ ಮಾತು. ಅಪ್ಪ ಅದರಲ್ಲೇ ಜೈಲು ಕಂಡವರು. ಅಭಿಮಾನದಿಂದ ಬಾಯಿ ತಪ್ಪಿತು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನಕ್ಕು ಎದ್ದು ಹೊರಟಿದ್ದ ಅವನನ್ನು ನಿಲ್ಲಿಸಿ, ಒಳಗೆ ಹೋಗಿ ಪತ್ರ ತಂದು ಕೈಗಿಟ್ಟೆ. ಮೊದಲನೆಯದನ್ನು ಮಾತ್ರ — ಎರಡನೆಯದನ್ನಲ್ಲ. ಹಾಸಿಗೆ ಹಿಡಿದ ಅವ್ವನ ಹೊಲಸು ಬಳಿದು ನನಗೆ ಸಾಕಾಗಿತ್ತು. ನೀನು ಹೇಗಾದರೂ ವಾಪಸು ಬರುವುದು ನನಗೆ ಬೇಕಿತ್ತು.

ಪಾಸ್‌ಪೋರ್ಟ್ ಸಿಗದೆ ನೀನು ಊರಿಗೆ ವಾಪಸು ಬಂದೆ. ಬಂದವನೇ ಕೇಳಿದೆ, "ಯಾರ್ ಹೇಳಿರಬೇಕಕ್ಕಾ?"

"ಮತ್ಯಾರು, ಆ ನಿನ್ನ ಡೆನಿಸ!"

ಅವನ ಪತ್ರಗಳನ್ನು ಒಡೆಯದೆಯೇ ನೀನು ಒಲೆಗೆ ಹಾಕುವಾಗ ನಾನು ಪಕ್ಕದಲ್ಲೇ ರೊಟ್ಟಿ ಬಡಿಯುತ್ತಿದ್ದೆ. ಕೈ ನಿಲ್ಲಲಿಲ್ಲ.

ಈಗ ಡೆನಿಸ್ ಸತ್ತಿದ್ದಾನೆ. ಪರದೇಶದಲ್ಲಿ ಹೋರಾಡಿದ ಐರಿಶರ ಕಥೆಯನ್ನು ಪುಸ್ತಕ ಮಾಡುತ್ತಿರುವ ಅವನ ಮಗಳು ಗುರುವಾರ ನಿನ್ನನ್ನು ಮಾತಾಡಿಸಲು ನಮ್ಮ ಮನೆಗೆ ಬರುತ್ತಾಳೆ. "ಬರ್ಲಿ. ನಿಮ್ಮಪ್ಪ ಮನಿಮುರುಕ ಅಂತ ಮಾರಿ ಮ್ಯಾಲೆ ಹೇಳ್ತೇನಿ, ಬರಕೊಳ್ಳಲಿ" ಎಂದು ನಿನ್ನೆ ನೀನು ಹಲ್ಲು ಕಡಿದೆ. ಗೆಳೆಯರನ್ನು ಹಿಡಿದುಕೊಟ್ಟವನ ಮೊಮ್ಮಕ್ಕಳನ್ನೂ ಆ ಐರಿಶ್ ಜನ ಬಿಡುವುದಿಲ್ಲ ಎಂದು ಹಿಂದೆ ನೀನೇ ಹೇಳಿದ್ದೆ. ಅದಕ್ಕೇ ಅಕ್ಷರ ಕೂಡಿಸಿ ಇದನ್ನು ಬರೆಯಲು ಕೂತೆ.

ಕ್ಷಮಿಸು ಎನ್ನುವುದಿಲ್ಲ. ಇದನ್ನು ಓದಿ ಮಾತು ಬಿಟ್ಟರೆ ಬಿಡು. ಆದರೆ ಗುರುವಾರ ಆ ಹುಡುಗಿಯ ಎದುರು ಮೊದಲು ಬಾಯಿ ತೆರೆಯುವವಳು ನಾನು: "ನಿಮ್ಮಪ್ಪ ಅಲ್ಲವ್ವಾ, ನಾ ಹೇಳಿದ್ದು."

ನನಗೆ ಇಂಗ್ಲಿಷ್ ಬಾರದು. ಆ ಮಾತನ್ನು ಅವಳಿಗೆ ತಿಳಿಸಿ ಹೇಳಬೇಕಾದವನು ನೀನೇ.